ಮಿಲ್ಲಿನ ವೇಬ್ರಿಜ್, ಟ್ಯಾಲಿ, ಇಆರ್‌ಪಿನೆಕ್ಸ್ಟ್, ಆರ್ಡರ್ ಆ್ಯಪ್: ನಾಲ್ಕನ್ನೂ ಜೋಡಿಸೋದು ಹೇಗೆ?

ಗಾಣದಮನೆ (ಚಿತ್ರದುರ್ಗ)

ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ. ಚಿಕ್ಕದಾಗಿ ಕೇಳಿದ್ರೆ "ಎಪಿಐ ಇದೆಯಾ ನೋಡಿ" ಅಂತಾರೆ (ಎಪಿಐ ಅಂದ್ರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡೋ ದಾರಿ). ಆ ಮಾತು ಈಗಾಗ್ಲೇ ನಾಲ್ಕು ಜನ ಹೇಳಿಯಾಗಿದೆ.

ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಮಿಲ್ಲು ಚಳ್ಳಕೆರೆಯಲ್ಲಿ, ಆಫೀಸು ದುರ್ಗದಲ್ಲಿ, ಡಿಪೋ ದಾವಣಗೆರೆಯಲ್ಲಿ. ನಾನು ಈ ಮನೆ ಸೊಸೆ. ಬಿಕಾಂ ಓದಿದಾಳೆ ಅಂತ ಮೊದಲು ಟ್ಯಾಲಿ ಕೊಟ್ರು, ಆಮೇಲೆ ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯೋಕೆ ಶುರು ಮಾಡಿದ್ರು. ಪ್ರೈವೇಟ್ ಲಿಮಿಟೆಡ್ ಕಂಪನಿ, ವರ್ಷಕ್ಕೆ 18 ಕೋಟಿ ಸುಮಾರು ವಹಿವಾಟು.

ಈಗಿರೋ ಸ್ಥಿತಿ ಹೀಗಿದೆ. ಮಿಲ್ಲಿನ ಗೇಟಲ್ಲಿ ವೇಬ್ರಿಜ್. ಲಾರಿ ತುಂಬಿ ಬಂದಾಗ ಒಂದು ತೂಕ, ಖಾಲಿಯಾದ ಮೇಲೆ ಇನ್ನೊಂದು, ನಿವ್ವಳ ಬರೆದ ಚೀಟಿ ಹೊರಗೆ. ಅದರ ಸಾಫ್ಟ್‌ವೇರ್ ಇರೋದು ವಿಂಡೋಸ್ 7ರ ಒಂದು ಹಳೇ ಪಿಸಿಯಲ್ಲಿ, ಡೇಟಾ ಎಲ್ಲ ಒಂದೇ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಸಣ್ಣ ಡೇಟಾಬೇಸ್) ಫೈಲ್. ಬರೆದುಕೊಟ್ಟವರು ಫೋನ್ ಎತ್ತೋದು ಬಿಟ್ಟು ಮೂರು ವರ್ಷ ಆಯ್ತು. ಆಫೀಸಲ್ಲಿ ಟ್ಯಾಲಿ, 14 ವರ್ಷದ ಲೆಕ್ಕ ಅದರಲ್ಲಿದೆ. ಇ-ಇನ್‌ವಾಯ್ಸ್ (ಜಿಎಸ್‌ಟಿ ಪೋರ್ಟಲಿನಲ್ಲಿ ನೋಂದಾಯಿಸೋ ಬಿಲ್ಲು) ಕೂಡ ಅಲ್ಲಿಂದಲೇ ತೆಗೀತೀವಿ. ಹೋದ ಯುಗಾದಿಗೆ ಖರೀದಿ, ಉತ್ಪಾದನೆ, ದಾಸ್ತಾನಿಗೆ ಅಂತ ಇಆರ್‌ಪಿನೆಕ್ಸ್ಟ್ ಅನ್ನೋ ಸಾಫ್ಟ್‌ವೇರ್ ಹಾಕಿಸಿದ್ವಿ (ಮುಂದೆ ಬರೀ ಇಆರ್‌ಪಿ ಅಂತೀನಿ). ಡಿಪೋ ಹುಡುಗರ ಕೈಯಲ್ಲಿ ಒಂದು ಆರ್ಡರ್ ಆ್ಯಪ್. ಅದು ರಾತ್ರಿ 10ಕ್ಕೆ ಒಂದು ಎಕ್ಸೆಲ್ ಮೇಲ್ ಮಾಡುತ್ತೆ, ಅಷ್ಟೇ.

ಒಂದೇ ಲೋಡು ನಾಲ್ಕು ಸಲ ಟೈಪ್ ಆಗ್ತಿದೆ. ಸುಗ್ಗಿಯಲ್ಲಿ ದಿನಕ್ಕೆ 40–50 ಲೋಡು, ಬಿಲ್ಲು ನೂರರ ಮೇಲೆ. ತಪ್ಪಾಗದೆ ಇದ್ದರೇ ಆಶ್ಚರ್ಯ.

ದೀಪಾವಳಿ ಹೊತ್ತಿಗೆ ಆದದ್ದು ಕೇಳಿ. ದಾವಣಗೆರೆಯಲ್ಲಿ ನಮ್ಮ ಗಿರಾಕಿಗಳು ಹೆಚ್ಚಾಗಿ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ, ಮೆಸ್ಸು, ಸಣ್ಣ ಹೋಟೆಲ್. ಅವರು 15 ಲೀಟರ್ ಟಿನ್ನೂ ತಗೋತಾರೆ, 15 ಕೆಜಿ ಟಿನ್ನೂ ತಗೋತಾರೆ. ಆ್ಯಪಲ್ಲಿ ಎರಡಕ್ಕೂ "ಟಿನ್ 15" ಅಂತ ಒಂದೇ ಹೆಸರು. ನಾನು ಎಕ್ಸೆಲ್ ನೋಡಿ ಎಲ್ಲಾನೂ 15 ಕೆಜಿ ಅಂತ ಇಆರ್‌ಪಿಗೆ ಹಾಕ್ತಾ ಹೋದೆ. ಎಣ್ಣೆ ಲೀಟರಿಗೆ 910 ಗ್ರಾಂ ತೂಗುತ್ತೆ, ಅಂದ್ರೆ 15 ಲೀಟರ್ ಟಿನ್ನಲ್ಲಿ ಇರೋದು 13.65 ಕೆಜಿ. 400 ಟಿನ್ನಿಗೆ 540 ಕೆಜಿ ವ್ಯತ್ಯಾಸ. ಪುಸ್ತಕದಲ್ಲಿ ಎಣ್ಣೆ ಕಮ್ಮಿ, ಟ್ಯಾಂಕಲ್ಲಿ ಜಾಸ್ತಿ. ಮಾಲು ಕಮ್ಮಿ ಬಂದ್ರೆ ಬೈಯೋ ಮಾವನವರು ಮೊದಲ ಸಲ ಜಾಸ್ತಿ ಬಂದದ್ದಕ್ಕೆ ಬೈದ್ರು.

ಈಗ ನನ್ನ ಮುಂದೆ ಮೂರು ಸಲಹೆ ಇವೆ. ಬೆಂಗಳೂರಿಂದ ಬಂದ ಒಬ್ಬ ಕನ್ಸಲ್ಟೆಂಟ್, "ಇಂಟಿಗ್ರೇಷನ್ ಪ್ಲಾಟ್‌ಫಾರ್ಮ್ ತಗೊಳ್ಳಿ, ಎಲ್ಲಾ ಅದರ ಮೂಲಕವೇ ಹೋಗಲಿ" ಅಂತ ವರ್ಷಕ್ಕೆ 6 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ಇಆರ್‌ಪಿ ಹಾಕಿಕೊಟ್ಟವರು ಟ್ಯಾಲಿ ಬಿಟ್ಟುಬಿಡಿ ಅಂತಾರೆ. ನಮ್ಮ ಗುಮಾಸ್ತರಿಗೆ ಅದನ್ನ ಹೇಳೋ ಧೈರ್ಯ ನಮ್ಮನೇಲಿ ಯಾರಿಗೂ ಇಲ್ಲ, ಆಡಿಟರೂ ಟ್ಯಾಲಿ ಬ್ಯಾಕಪ್ಪೇ ಕೇಳ್ತಾರೆ. ಮೂರನೇದು ಇಂಜಿನಿಯರಿಂಗ್ ಓದ್ತಿರೋ ನಮ್ಮ ಮೈದುನಂದು: "ಅತ್ತಿಗೆ, ಆಕ್ಸೆಸ್‌ನಿಂದ ಓದಿ ಇಆರ್‌ಪಿ ಡೇಟಾಬೇಸಿಗೆ ನೇರ ಬರೆದ್ರೆ ಮುಗೀತು, ಎರಡು ದಿನದ ಕೆಲಸ."

ಯಾವುದು ಸರಿ? ಇಂಥದ್ದು ಮಾಡಿ ಕೈಸುಟ್ಟುಕೊಂಡವರು ಇದ್ರೆ ದಯವಿಟ್ಟು ಹೇಳಿ.

---

ಹೊಸದುರ್ಗದ_ಹುಡುಗ

ಮೇಡಂ, ಒಂದೇ ಮಾತು. ಜೋಡಿಸೋ ತಲೆನೋವೇ ಬೇಡ ಅಂದ್ರೆ ಎಲ್ಲಾ ಇಆರ್‌ಪಿನೆಕ್ಸ್ಟ್‌ಗೇ ತನ್ನಿ. ಇಂಡಿಯಾ ಕಂಪ್ಲಯನ್ಸ್ ಅನ್ನೋ ಆ್ಯಪ್ ಅದರ ಜೊತೆ ಹಾಕಿದ್ರೆ ಇ-ಇನ್‌ವಾಯ್ಸ್, ಇ-ವೇ ಬಿಲ್ ಅಲ್ಲೇ ಆಗುತ್ತೆ. ನಾವು ತೆಂಗಿನಕಾಯಿ ವ್ಯಾಪಾರಕ್ಕೆ ಹಾಗೇ ಮಾಡಿದ್ವಿ. ಗುಮಾಸ್ತರು ಒಂದು ತಿಂಗಳು ಮುನಿಸ್ಕೊಂಡ್ರು, ಈಗ ಅವರೇ ಬೇರೆಯವರಿಗೆ ಹೇಳಿಕೊಡ್ತಾರೆ. ಆದ್ರೆ ನಮ್ಮದು ಹಳೇ ಲೆಕ್ಕ ಎರಡೇ ವರ್ಷದ್ದು ಇತ್ತು, ಅದನ್ನೂ ಹೇಳಬೇಕು.

---

ಪಿಬಿ_ರೋಡ್ (ದಾವಣಗೆರೆ)

ಅಕ್ಕಾರೆ, ಕೈಸುಟ್ಟುಕೊಂಡವರು ಅಂತ ಕೇಳಿದ್ರಲ್ಲ, ಬಂದೆ ನೋಡ್ರಿ. ನಾನು ದಾವಣಗೆರೆಯಾಗೆ 11 ವರ್ಷದಿಂದ ಇದೇ ಕೆಲಸ ಮಾಡ್ತೀನಿ. ಟ್ಯಾಲಿಗೆ ಅದನ್ನ ಕಟ್ಟೋದು, ಇದನ್ನ ಬಿಚ್ಚೋದು.

ಮೊದ್ಲು ನಿಮ್ಮ ಮೈದುನಂಗೆ ಹೇಳ್ರಿ, ಇಆರ್‌ಪಿ ಡೇಟಾಬೇಸಿಗೆ ನೇರ ಕೈ ಹಾಕಬ್ಯಾಡ ಅಂತ. ಹುಡುಗ ಬುದ್ಧಿವಂತನೇ, ಆದ್ರೆ ಇಆರ್‌ಪಿನೆಕ್ಸ್ಟ್‌ನಾಗೆ ಒಂದು ಖರೀದಿ ರಶೀದಿ ಸಬ್ಮಿಟ್ ಮಾಡಿದಾಗ ಒಂದು ಸಾಲು ಬರೆದು ಸುಮ್ನಾಗಲ್ಲ ಅದು. ದಾಸ್ತಾನು ಲೆಡ್ಜರ್ ಬರೀತೈತೆ, ದರ ಲೆಕ್ಕ ಹಾಕ್ತೈತೆ, ಖಾತೆಗೆ ನಮೂದು ಹಾಕ್ತೈತೆ. ಅದರ ಡೇಟಾಬೇಸ್ ಮರಿಯಾಡಿಬಿಯ ಟೇಬಲ್ಲಿಗೆ ನೀವು ಸಾಲು ತುರುಕಿದ್ರೆ ರಶೀದಿ ಕಾಣ್ತೈತೆ, ಮಾಲು ಕಾಣಲ್ಲ. ಮೇಲಾಗಿ ನಿಮ್ಮದು ಪ್ರೈವೇಟ್ ಲಿಮಿಟೆಡ್. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿಗೆ ಎಡಿಟ್ ಲಾಗ್ (ಯಾವಾಗ ಏನು ತಿದ್ದಿದ್ರು ಅನ್ನೋ ದಾಖಲೆ) ಕಡ್ಡಾಯ. ಹಿತ್ತಲ ಬಾಗಿಲಿಂದ ಬರೆದಿದ್ದು ಲಾಗಿಗೆ ಬರಲ್ಲ, ಆಡಿಟರ್ ಕೇಳಿದ್ರೆ ಏನಂತೀರಿ? ಅದಕ್ಕಂತಲೇ ರೆಸ್ಟ್ ಎಪಿಐ ಐತೆ, ಕೀ ಮತ್ತು ಸೀಕ್ರೆಟ್ ಕೊಟ್ಟು ಮುಂದಿನ ಬಾಗಿಲಿಂದ ಹೋಗ್ರಿ.

ಓದೋದು ಬೇರೆ. ವೇಬ್ರಿಜ್‌ನ ಆಕ್ಸೆಸ್ ಫೈಲಿಂದ ನೇರ ಓದಿದ್ರೆ ತಪ್ಪಿಲ್ಲ, ಬೇರೆ ದಾರಿನೂ ಇಲ್ಲ. ಆದ್ರೆ ಅಸಲಿ ಫೈಲ್ ತೆರೀಬ್ಯಾಡ್ರಿ. ಹತ್ತು ನಿಮಿಷಕ್ಕೊಂದ್ಸಲ ಅದರ ನಕಲು ಮಾಡಿ, ನಕಲಿಂದ ಓದ್ರಿ. ಗೇಟಾಗೆ ಲಾರಿ ಸಾಲು ನಿಂತಾಗ ಫೈಲ್ ಲಾಕ್ ಆದ್ರೆ ಡ್ರೈವರುಗಳು ನಿಮ್ಮ ಮೈದುನನ್ನ ಹುಡುಕ್ಕೊಂಡು ಬರ್ತಾರೆ. ಆ ವಿಂಡೋಸ್ 7 ಪಿಸಿಗೆ ಇಂಟರ್ನೆಟ್ ಕೊಡಬ್ಯಾಡ್ರಿ. 2020ರ ಜನವರಿಗೇ ಮೈಕ್ರೋಸಾಫ್ಟ್ ಅದನ್ನ ಕೈಬಿಟ್ಟೈತೆ. ಪಕ್ಕಕ್ಕೆ ಇನ್ನೊಂದು ಸಣ್ಣ ಪಿಸಿ ಇಟ್ಟು, ಎರಡನ್ನೂ ಲ್ಯಾನ್‌ನಾಗೆ ಜೋಡಿಸಿ, ಹೊರಗೆ ಮಾತಾಡೋದು ಆ ಎರಡನೇದು ಮಾತ್ರ ಅನ್ನೋ ಥರ ಮಾಡ್ರಿ.

ಇನ್ನು ನನ್ನ ಸುಟ್ಟ ಕೈ. ಹರಿಹರದ ಕಡೆ ಒಂದು ಅಕ್ಕಿ ಮಿಲ್ಲಿಗೆ ಬಿಲ್ಲಿಂಗಿಂದ ಟ್ಯಾಲಿಗೆ ವೋಚರ್ (ಒಂದೊಂದು ವ್ಯವಹಾರದ ಲೆಕ್ಕದ ನಮೂದು) ಕಳಿಸೋ ಪ್ರೋಗ್ರಾಂ ಬರೆದಿದ್ದೆ. ಟ್ಯಾಲಿ ಎಕ್ಸ್‌ಎಂಎಲ್ (ಗುರುತು ಹಚ್ಚಿದ ಪಠ್ಯದ ರೂಪ) ತಗೋತೈತೆ, ಸಾಮಾನ್ಯವಾಗಿ 9000ನೇ ಪೋರ್ಟಿನಾಗೆ ಕೂತಿರ್ತೈತೆ, ಎಷ್ಟು ವೋಚರ್ ಆದವು, ಎಷ್ಟು ತಪ್ಪಿದವು ಅಂತ ಉತ್ತರಾನೂ ಕೊಡ್ತೈತೆ. ಒಂದು ಸಂಜೆ 38 ವೋಚರ್ ಕಳಿಸಿದೆ. ಟ್ಯಾಲಿ ಎಲ್ಲಾನೂ ಬರ್ಕೊಂತು. ಉತ್ತರ ಬರೋದ್ರಾಗೆ ನನ್ನ ಕಡೆ ಕರೆಂಟ್ ಹೋಯ್ತು. ಕರೆಂಟ್ ಬಂದ ಮ್ಯಾಲೆ ನನ್ನ ಪ್ರೋಗ್ರಾಂ ಏನು ತಿಳ್ಕಂತು? ಉತ್ತರ ಬಂದಿಲ್ಲ, ಅಂದ್ರೆ ಹೋಗಿಲ್ಲ ಅಂತ. ಮತ್ತೆ 38 ಕಳಿಸ್ತು. ತಿಂಗಳ ಕೊನೆಗೆ ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಗೊತ್ತಾಯ್ತು. ಸೇಠು ನನಗೆ ಏನೂ ಅನ್ಲಿಲ್ಲ, ಚಾ ಕೊಟ್ರು. ಬೈದಿದ್ರೇ ಚೆನ್ನಾಗಿತ್ತು.

ಎಪಿಐ ಅನ್ನೋದು ಫೋನ್ ಮಾಡಿದಂಗೆ. ಎರಡೂ ಕಡೆಯವರು ಎಚ್ಚರ ಇರಬೇಕು, ಲೈನ್ ಕಟ್ಟಾದ್ರೆ ಆ ಕಡೆ ಎಷ್ಟು ಕೇಳಿಸ್ತು ಅಂತ ಈ ಕಡೆಗೆ ಗೊತ್ತಾಗಲ್ಲ. ಕ್ಯೂ, ಅಂದ್ರೆ ಸಂದೇಶಗಳನ್ನ ಸಾಲಾಗಿ ಹಿಡಿದಿಡೋ ವ್ಯವಸ್ಥೆ, ಬಸ್ಸಿಗೆ ಪಾರ್ಸೆಲ್ ಹಾಕಿದಂಗೆ. ಬಿಡಿಸ್ಕೊಳ್ಳೋರು ಬರೋವರೆಗೂ ಕಾಯ್ತೈತೆ. ಆದ್ರೆ ಎರಡಕ್ಕೂ ಚೀಟಿ ನಂಬರ್ ಬೇಕು. ಅವತ್ತಿಂದ ನಾನು ಯಾವ ಕೆಲಸಕ್ಕೂ ಮೊದ್ಲು ಒಂದು ರವಾನೆ ವಹಿ ಮಾಡ್ತೀನಿ: ಒಂದೇ ಟೇಬಲ್ಲು, ಅದರಾಗೆ ಚೀಟಿ ನಂಬರ್, ಕಳಿಸಿದ ಹೊತ್ತು, ಬಂದ ಉತ್ತರ, ಆ ಕಡೆ ಸಿಕ್ಕ ವೋಚರ್ ಐಡಿ. ಉತ್ತರ ಇಲ್ಲದ ಸಾಲು ಕಂಡ್ರೆ ತಿರುಗಿ ಕಳಿಸಲ್ಲ, ಮೊದ್ಲು "ಈ ನಂಬರ್ ನಿನ್ನ ಹತ್ರ ಐತಾ" ಅಂತ ಕೇಳ್ತೀನಿ.

ಟ್ಯಾಲಿ ಬಗ್ಗೆ ಇನ್ನೆರಡು ಮಾತು, ಯಾಕಂದ್ರೆ ಇವು ಯಾವ ಕೊಟೇಶನ್ನಿನಾಗೂ ಇರಲ್ಲ. ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ರಾತ್ರಿ 11ಕ್ಕೆ ಕಳಿಸೋ ಥರ ಮಾಡಿದ್ರೆ ಗುಮಾಸ್ತರು ಸಂಜೆ 7ಕ್ಕೇ ಪಿಸಿ ಬಂದ್ ಮಾಡಿ ಮನೆಗೆ ಹೋಗಿರ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದ್ಸಲ, ಸಂಜೆ 6ಕ್ಕೆ ಒಂದ್ಸಲ ಇಡ್ರಿ. ಎರಡನೇದು, ನಮ್ಮ ಮಂಡಿಪೇಟೆ ಅಂಗಡಿ ಹೆಸರುಗಳು. ಅರ್ಧಕ್ಕರ್ಧ "ಅಂಡ್ ಸನ್ಸ್", "ಅಂಡ್ ಕೋ". ಆ ಅಂಡ್ ಚಿಹ್ನೆ (&) ಹಂಗೇ ಹೋದ್ರೆ ಎಕ್ಸ್‌ಎಂಎಲ್ ಮುರೀತೈತೆ, ಆ ಇಡೀ ಕಂತು ವಾಪಸ್ ಬೀಳ್ತೈತೆ. ಮೈದುನಂಗೆ ಹೇಳಿದ್ರೆ ಗೊತ್ತಾಗ್ತೈತೆ, ಎಸ್ಕೇಪ್ ಮಾಡಬೇಕು, ಅಂದ್ರೆ ಆ ಚಿಹ್ನೆ ಬದ್ಲು ಅದರ ಸಂಕೇತ ಕಳಿಸಬೇಕು. ಆಮೇಲೆ ಡೆಬಿಟ್ ಮೊತ್ತ ಅಲ್ಲಿ ಮೈನಸ್‌ನಾಗೆ ಹೋಗಬೇಕು. ನಾನು ಅದನ್ನ ತಿಳ್ಕಳ್ಳೋಕೆ ಒಂದು ಭಾನುವಾರ ಕಳೆದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 6 ಲಕ್ಷದ್ದು ಬೇಕಾ ಬ್ಯಾಡಾ ಅನ್ನೋದು ಕೊನೆಗೆ ಕೇಳೋ ಪ್ರಶ್ನೆ. ಮೊದ್ಲು ಒಂದು ಹಾಳೆ ತಗೊಂಡು ಪ್ರತಿಯೊಂದಕ್ಕೂ ಯಜಮಾನ ಯಾರು ಅಂತ ಬರೀರಿ. ತೂಕಕ್ಕೆ ಯಜಮಾನ ವೇಬ್ರಿಜ್. ಬೇರೆ ಯಾರೂ ತೂಕ ತಿದ್ದಂಗಿಲ್ಲ. ಮಾಲಿನ ಹೆಸರು, ಅಳತೆ, ದಾಸ್ತಾನಿಗೆ ಇಆರ್‌ಪಿ. ದುಡ್ಡಿಗೆ, ತೆರಿಗೆಗೆ ಟ್ಯಾಲಿ. ದಲಾಲರ, ಗಿರಾಕಿಗಳ ಹೆಸರಿಗೆ? ಇಲ್ಲೇ ಜಗಳ ಬರೋದು. ಒಬ್ಬರನ್ನ ಆರಿಸ್ರಿ. ನಿಮ್ಮ "ಟಿನ್ 15" ಗಲಾಟೆ ಇದೇ ರೋಗ ನೋಡ್ರಿ, ಮಾಲಿನ ಹೆಸರಿಗೆ ಯಜಮಾನನೇ ಇರ್ಲಿಲ್ಲ. ವರ್ಷಕ್ಕೆ 6 ಲಕ್ಷ ಕೊಟ್ಟಿದ್ರೂ ಆ ಪ್ಲಾಟ್‌ಫಾರ್ಮು 15 ಲೀಟರನ್ನ 15 ಕೆಜಿ ಅಂತಲೇ ಸಾಗಿಸ್ತಿತ್ತು, ಇನ್ನೂ ಜೋರಾಗಿ.

ಇ-ಇನ್‌ವಾಯ್ಸ್ ಒಂದೇ ಕಡೆಯಿಂದ ತೆಗೀರಿ. ಐಆರ್‌ಎನ್ ಅನ್ನೋ, ಇ-ಇನ್‌ವಾಯ್ಸನ್ನ ಗುರುತಿಸೋ ಆ 64 ಅಕ್ಷರದ ಸಂಖ್ಯೆ ಹುಟ್ಟೋದು ನಿಮ್ಮ ಜಿಎಸ್‌ಟಿ ನಂಬರ್, ದಾಖಲೆ ಬಗೆ, ಬಿಲ್ ನಂಬರ್, ಹಣಕಾಸು ವರ್ಷದಿಂದ. ಟ್ಯಾಲಿ ಒಂದ್ಸಲ, ಇಆರ್‌ಪಿ ಒಂದ್ಸಲ ಅದೇ ಬಿಲ್ ಕಳಿಸಿದ್ರೆ ಎರಡನೇದಕ್ಕೆ 2150 ಅಂತ ಡೂಪ್ಲಿಕೇಟ್ ಎರರ್ ಬರ್ತೈತೆ. ಅದು ಬಂದ್ರೆ ಗಾಬರಿ ಬ್ಯಾಡ, ಹೊಸ ನಂಬರ್ ಕೊಟ್ಟು ಮತ್ತೆ ಕಳಿಸೋದಂತೂ ಬ್ಯಾಡವೇ ಬ್ಯಾಡ. ಹಳೇ ಐಆರ್‌ಎನ್‌ನ ಕೇಳಿ ತಗೋಬೋದು. ಅಂದಂಗೆ ಬಿಲ್ ನಂಬರ್ 16 ಅಕ್ಷರ ಮೀರಂಗಿಲ್ಲ; ಆ್ಯಪಿನ ಉದ್ದನೇ ಆರ್ಡರ್ ನಂಬರನ್ನೇ ಬಿಲ್ ನಂಬರ್ ಮಾಡೋ ಆಸೆ ಇದ್ರೆ ಬಿಡ್ರಿ.

---

ಕೋಡ್_ಕೂಲಿ (ಊರು ದಾವಣಗೆರೆ, ಹೊಟ್ಟೆಪಾಡು ಬೆಂಗಳೂರು)

ಪಿಬಿ ಅಣ್ಣ ಹೇಳಿದ್ದಕ್ಕೆ ಸಲಕರಣೆಗಳ ಬಗ್ಗೆ ಒಂದಿಷ್ಟು ಸೇರಿಸ್ತೀನಿ. ನಾನು ಆಫೀಸಲ್ಲಿ ದಿನಾ ಕಾಫ್ಕಾ (ಭಾರೀ ಪ್ರಮಾಣದ ಸಂದೇಶ ಸಾಗಿಸೋ ವ್ಯವಸ್ಥೆ) ಜೊತೆ ಒದ್ದಾಡೋನು. ನಿಮಗೆ ಅದು ಬೇಡ ಮೇಡಂ. ದಿನಕ್ಕೆ 50 ಲೋಡು, ನೂರಿಪ್ಪತ್ತು ಬಿಲ್ಲಿಗೆ ಕಾಫ್ಕಾ ಅಂದ್ರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಅದನ್ನ ನಡೆಸೋಕೇ ಒಬ್ಬ ಬೇಕು.

ನನ್ನ ಆಯ್ಕೆ ಹೇಳೋದಾದ್ರೆ, ಒಂದು ಪೈಥಾನ್ ಸ್ಕ್ರಿಪ್ಟು, ಅದನ್ನ ಹೊತ್ತಿಗೆ ಸರಿಯಾಗಿ ಓಡಿಸೋಕೆ ವಿಂಡೋಸ್ ಟಾಸ್ಕ್ ಶೆಡ್ಯೂಲರ್, ಅಣ್ಣ ಹೇಳಿದ ರವಾನೆ ವಹಿಗೆ ಒಂದು ಎಸ್‌ಕ್ಯೂಲೈಟ್ (ಪುಟ್ಟ ಡೇಟಾಬೇಸ್) ಫೈಲು. ಲೈಸೆನ್ಸ್ ಖರ್ಚು ಸೊನ್ನೆ. ಕಣ್ಣಿಗೆ ಕಾಣೋ ಥರ ಬೇಕು ಅಂದ್ರೆ ಎನ್8ಎನ್ ಇದೆ, ನಿಮ್ಮದೇ ಪಿಸಿ ಮೇಲೆ ಹಾಕ್ಕೋಬಹುದು: ಮೇಲಲ್ಲಿ ಎಕ್ಸೆಲ್ ಬಂತು, ಬಿಚ್ಚು, ಇಆರ್‌ಪಿಗೆ ಹಾಕು, ತಪ್ಪಾದ್ರೆ ಮೆಸೇಜ್ ಕಳಿಸು, ಇದಿಷ್ಟನ್ನ ಡಬ್ಬಿ ಡಬ್ಬಿಯಾಗಿ ಜೋಡಿಸೋದು. ಆರ್ಡರ್ ಆ್ಯಪಿನ ದಾರಿಗೆ ಅದು ಚೆನ್ನಾಗಿ ಹೊಂದುತ್ತೆ. ಟ್ಯಾಲಿ ದಾರಿಗೆ ನಾನಾದ್ರೆ ಸ್ಕ್ರಿಪ್ಟೇ ಬರೀತೀನಿ.

ಇಆರ್‌ಪಿನೆಕ್ಸ್ಟ್‌ನಲ್ಲಿ ವೆಬ್‌ಹುಕ್ ಇದೆ, ಬಿಲ್ ಸಬ್ಮಿಟ್ ಆದ ತಕ್ಷಣ ಅದೇ ಕೂಗಿ ಹೇಳುತ್ತೆ. ಹಾಗಂತ ಅದೊಂದನ್ನೇ ನಂಬಬೇಡಿ. ಕೂಗಿದಾಗ ಆಫೀಸಲ್ಲಿ ನೆಟ್ ಇರಲಿಲ್ಲ ಅಂದ್ರೆ ಆ ಬಿಲ್ ಗಾಳಿಗೆ ಹೋಯ್ತು. ಗಂಟೆಗೊಂದ್ಸಲ "ಹೋದ ಸಲದಿಂದ ಈಚೆ ಬದಲಾದದ್ದೆಲ್ಲ ಕೊಡು" ಅಂತ ನಾವೇ ಕೇಳೋದು ಮಂದ ಅನ್ನಿಸಬಹುದು, ನಿಮ್ಮ ಮಿಲ್ಲಿಗೆ ಅಷ್ಟು ಸಾಕು. ಟ್ಯಾಂಕಲ್ಲಿರೋ ಎಣ್ಣೆ ಒಂದು ಗಂಟೆ ಕಾಯುತ್ತೆ.

ಹಾಗಂತ ದೊಡ್ಡ ಪ್ಲಾಟ್‌ಫಾರ್ಮ್ ಮೋಸ ಅಂತಲ್ಲ. 15–20 ಸಿಸ್ಟಂ ಇದ್ದು, ಪ್ರತಿಯೊಂದೂ ಇನ್ನೊಂದರ ಜೊತೆ ಮಾತಾಡ್ಬೇಕಾದಾಗ ನಡುವೆ ಒಂದು ಬಸ್‌ಸ್ಟ್ಯಾಂಡ್ ಬೇಕಾಗುತ್ತೆ. ನಿಮ್ಮಲ್ಲಿ ಇರೋದು ಮೂರು ದಾರಿ: ವೇಬ್ರಿಜ್‌ನಿಂದ ಇಆರ್‌ಪಿಗೆ, ಆ್ಯಪಿಂದ ಇಆರ್‌ಪಿಗೆ, ಇಆರ್‌ಪಿಯಿಂದ ಟ್ಯಾಲಿಗೆ. ಮೂರೂ ಒಮ್ಮುಖ. ಇಮ್ಮುಖ ಮಾಡೋಕೆ ಯಾರಾದ್ರೂ ಬಂದ್ರೆ ಒಪ್ಪಬೇಡಿ, ಎರಡು ಕಡೆ ತಿದ್ದೋಕೆ ಬಿಟ್ರೆ ಯಾವುದು ಹೊಸದು ಅನ್ನೋ ಜಗಳ ಯಾವತ್ತೂ ಮುಗಿಯಲ್ಲ.

ಮೈದುನ ಯಾವ ಕಾಲೇಜು? ಪರವಾಗಿಲ್ಲ, ಎಲ್ಲೇ ಇರಲಿ, ಅವನ ಕೈಲೇ ಬರೆಸಿ. ಆದ್ರೆ ಪಾಸಾಗಿ ಅವನೂ ಬೆಂಗಳೂರು ಬಸ್ ಹತ್ತುತ್ತಾನೆ ಅನ್ನೋದು ನೆನಪಿರಲಿ. ಪಾಸ್‌ವರ್ಡ್, ಫೈಲು ಎಲ್ಲಿದೆ, ನಿಂತುಹೋದ್ರೆ ಏನು ಮಾಡಬೇಕು, ಇದಿಷ್ಟು ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಲಿ. ಪಾಸ್‌ವರ್ಡ್ ಗೋಡೆಗೆ ಬೇಡ, ಅದು ಬೀರುವಿಗೆ.

---

ಗಾಣದಮನೆ (ಚಿತ್ರದುರ್ಗ)

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ವಾರ ಆದ್ಮೇಲೆ ಬರೀತಿದೀನಿ, ಸುಮ್ನೆ ಇರ್ಲಿಲ್ಲ.

ಪಿಬಿ ಅಣ್ಣ ಹೇಳಿದ ಹಾಗೆ ಹಾಳೆ ಹಿಡಿದು ಕೂತೆ. ತೂಕ, ದಾಸ್ತಾನು, ದುಡ್ಡು ಹತ್ತು ನಿಮಿಷಕ್ಕೆ ಮುಗೀತು. ದಲಾಲರ ಹೆಸರಿಗೆ ಮೂರು ದಿನ ಹಿಡೀತು. ಇಆರ್‌ಪಿಯಲ್ಲಿ ಒಂದು ಹೆಸರು, ಟ್ಯಾಲಿಯಲ್ಲಿ ಅದೇ ಮನುಷ್ಯ ಎರಡು ಹೆಸರಲ್ಲಿ: ಒಂದು ಅಂಗಡಿ ಹೆಸರು, ಇನ್ನೊಂದು ಗುಮಾಸ್ತರು ಅವರನ್ನ ಕರೆಯೋ ಹೆಸರು. ಕೊನೆಗೆ ಪ್ಯಾನ್ ಹಿಡಿದು ಹುಡುಕಿದೆ. ಜಿಎಸ್‌ಟಿ ನಂಬರಿನ 15 ಅಕ್ಷರದಲ್ಲಿ ಮೂರನೇದರಿಂದ ಹನ್ನೆರಡನೇದರವರೆಗೆ ಪ್ಯಾನೇ ಅಲ್ವಾ, ಅದರಿಂದ ಜೋಡಿಗಳು ಸಿಕ್ಕವು. ಒಬ್ಬ ದಲಾಲರ ಎರಡು ಖಾತೆ ನೋಡಿ ಎದೆ ಧಸಕ್ಕೆಂದಿತು. ಒಂದರಲ್ಲಿ 31 ಲಕ್ಷ, ಇನ್ನೊಂದರಲ್ಲಿ 27 ಲಕ್ಷದ ಖರೀದಿ. ಬೇರೆ ಬೇರೆ ಇದ್ರೆ ಎರಡೂ 50 ಲಕ್ಷದ ಒಳಗೆ. ಸೇರಿಸಿದ್ರೆ 58, ಅಂದ್ರೆ ಮೇಲಿನ 8 ಲಕ್ಷಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳೋ ಆದಾಯ ತೆರಿಗೆ) ಹಿಡೀಬೇಕಿತ್ತು. ಶೇಕಡಾ 0.1 ಲೆಕ್ಕಕ್ಕೆ 800 ರೂಪಾಯಿ. ಮೊತ್ತ ಚಿಕ್ಕದು, ಆದ್ರೆ ಆಡಿಟರ್ ಮುಖ ಚಿಕ್ಕದಾಗಿರಲಿಲ್ಲ.

ಹೊಸದುರ್ಗದ ತಮ್ಮಾ, ನಿಮ್ಮ ಮಾತು ನಿಜವೇ ಇರಬಹುದು. ಗುಮಾಸ್ತರ ಮುಂದೆ ಸುಮ್ನೆ "ಟ್ಯಾಲಿ" ಅನ್ನೋ ಪದ ಎತ್ತಿದೆ, ಅವರು ಕನ್ನಡಕ ತೆಗೆದು ನನ್ನನ್ನ ನೋಡಿದ ರೀತಿಗೆ ಮುಂದಿನ ಮಾತು ಗಂಟಲಲ್ಲೇ ಉಳೀತು.

ಕನ್ಸಲ್ಟೆಂಟ್‌ಗೆ ಈ ವರ್ಷ ಬೇಡ ಅಂತ ಹೇಳಿದ್ವಿ. "ಟಿನ್ 15" ಅನ್ನ ಆ್ಯಪಿನವರಿಗೆ ಹೇಳಿ ಎರಡು ಮಾಡಿಸಿದೆ, ಅದಕ್ಕೆ ದುಡ್ಡೂ ಕೇಳಲಿಲ್ಲ. ಮೈದುನ ವೇಬ್ರಿಜ್‌ನಿಂದ ಇಆರ್‌ಪಿಗೆ ಮೊದಲ ದಾರಿ ಬರೆದಿದ್ದಾನೆ, ಎಪಿಐ ಮೂಲಕವೇ. ಸಂಜೆ ಲೋಡಿನ ಸಂಖ್ಯೆ ಮತ್ತು ನಿವ್ವಳ ಕೆಜಿ ಎರಡೂ ಕಡೆ ತಾಳೆ ನೋಡ್ತೀನಿ. ಐದು ದಿನ ಸರಿ ಬಂತು. ಆರನೇ ದಿನ ವೇಬ್ರಿಜ್‌ನಲ್ಲಿ 43 ಲೋಡು, ಇಆರ್‌ಪಿಯಲ್ಲಿ 36. ಏಳು ಚೀಟಿಗೆ ರವಾನೆ ವಹಿ "ಇದು ಈಗಾಗ್ಲೇ ಹೋಗಿದೆ" ಅಂತ ಹೇಳ್ತಿದೆ. ವೇಬ್ರಿಜ್ ಹುಡುಗನ್ನ ಕೇಳಿದ್ರೆ, ಪ್ರಿಂಟರ್ ರೋಲ್ ಬದಲಾಯಿಸುವಾಗ ಅವನು ನಂಬರನ್ನ ಮತ್ತೆ 1ಕ್ಕೆ ತರ್ತಾನಂತೆ. "ಮೊದಲಿಂದಲೂ ಹಂಗೇ ಅಕ್ಕಾ" ಅಂದ. ಈಗೇನು ಮಾಡೋದು?

---

ಪಿಬಿ_ರೋಡ್ (ದಾವಣಗೆರೆ)

ಅವನನ್ನ ಬೈಯಬ್ಯಾಡ್ರಿ, ರೋಲ್ ಹಿಡಿದು ಎಣಿಸೋಕೆ ಅವನಿಗೆ ಹಂಗೇ ಸುಲಭ. ಚೀಟಿ ನಂಬರ್ ಒಂದನ್ನೇ ಗುರುತು ಮಾಡ್ಕಳ್ಳದು ಬಿಡ್ರಿ. ಚೀಟಿ ನಂಬರ್, ಗಾಡಿ ನಂಬರ್, ಮೊದಲನೇ ತೂಕದ ತಾರೀಕು-ಹೊತ್ತು, ಮೂರೂ ಸೇರಿಸಿ ಒಂದು ಗುರುತು ಮಾಡ್ರಿ. ಎರಡನೇ ತೂಕದ ಹೊತ್ತು ಬ್ಯಾಡ. ಕೆಲವು ಸಲ ಲಾರಿ ರಾತ್ರಿ ಒಳಗೇ ನಿಂತು ಬೆಳಗ್ಗೆ ತೂಗ್ತಾರೆ. ಆ ಏಳು ಲೋಡು ಇವತ್ತೇ ಹಾಕಿಬಿಡ್ರಿ, ಆದ್ರೆ ಕೈಯಾಗೆ ಬ್ಯಾಡ, ಅದೇ ಸ್ಕ್ರಿಪ್ಟಿನ ಮೂಲಕ. ಹಂಗೇ ಆ ಪಿಸಿಯ ಗಡಿಯಾರ ಸರಿ ಐತಾ ನೋಡ್ರಿ. ಇಂಟರ್ನೆಟ್ ಇಲ್ಲದ ಪಿಸಿ, ಮದರ್‌ಬೋರ್ಡ್ ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ಹಳೇ ತಾರೀಕಿಗೆ ಹೋಗಿರ್ತೈತೆ.

---

ಗಾಣದಮನೆ (ಚಿತ್ರದುರ್ಗ)

ಈಗಷ್ಟೇ ಚಳ್ಳಕೆರೆಗೆ ಫೋನ್ ಮಾಡಿದೆ ಅಣ್ಣ. ಗಡಿಯಾರ ನಲವತ್ತು ನಿಮಿಷ ಹಿಂದೆ ಇದೆಯಂತೆ. ಸೆಲ್ ತರೋಕೆ ಹುಡುಗ ಬಸ್‌ಸ್ಟ್ಯಾಂಡ್ ಕಡೆ ಹೋಗಿದಾನೆ.